ಹುಲಿಗಿಯಿಂದ ಹೈಕೋರ್ಟಿನತನಕ

ಗದಗಿನಿಂದ ನರಗುಂದದ ಹಾದಿ ಹಿಡಿದರೆ ಸವದತ್ತಿ ಎಲ್ಲಮ್ಮ, ಕೊಪ್ಪಳದ ಕಡೆ ರೈಲು ಹತ್ತಿದರೆ ಮುನಿರಾಬಾದಿನ ಹತ್ತಿರ ಹುಲಿಗೆಮ್ಮ. ಗಂಡಾಗಿ ಹುಟ್ಟಿ, ಈ ದೇವಿಯರ ಹೆಸರಿನಲ್ಲಿ ಸೀರೆಯುಟ್ಟ ಜೋಗಪ್ಪ, ಜೋಗತಿಯರು ಈ ಸೀಮೆಗೆ ಹೊಸಬರಲ್ಲ. ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಅವರ ಚೌಡಿಕೆ ವಾದ್ಯದ ಸದ್ದು ಕೇಳಿದರೆ ಜನ ಮೊರ ತುಂಬ ಜೋಳ ತಂದು ಜೋಳಿಗೆಗೆ ಹಾಕುತ್ತಾರೆ. ಅದೇ ಕೈ ಅವರಿಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿಯುತ್ತದೆ. ನಮ್ಮ ನಾಡಿನ ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯ ಕತೆಯನ್ನು ಬೆಂಗಳೂರಿನಿಂದ ಶುರುಮಾಡುವುದು ವಾಡಿಕೆ. ಹಾಗೆ ಮಾಡಿದರೆ ಅರ್ಧ ಕತೆ ಬಿಟ್ಟುಹೋಗುತ್ತದೆ.

ಬಿಟ್ಟುಹೋಗುವ ಆ ಅರ್ಧದಲ್ಲಿ ಮೊದಲು ನೆನಪಾಗುವುದು ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿಗೆ ಹುಲಿಗೆಮ್ಮನ ಹುಲಿಗಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟಿದ್ದು 1975ರ ಸುಮಾರಿಗೆ. ಉಡದಾರ ಹರಿದು, ಲಂಗ ಕುಪ್ಪಸ ತೊಡಿಸಿ, ಬಳೆ ಇಡಿಸಿದರು. ಇದ್ದ ಮಗ ಸತ್ತನೆಂದು ತಾಯಿ ಅತ್ತರು. ಮುಂದೆ ಇಡ್ಲಿ ಮಾರಿದ್ದು, ಭಿಕ್ಷೆ ಬೇಡಿದ್ದು, ಸಾಯಲು ಹೊರಟಿದ್ದು ಎಲ್ಲವನ್ನೂ ಮಂಜಮ್ಮ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ತಲೆಯ ಮೇಲೆ ಕೊಡ ಹೊತ್ತು, ಕೈ ಬಿಟ್ಟು ಕುಣಿಯುವ ಜೋಗತಿ ನೃತ್ಯ ಅವರನ್ನು ಉಳಿಸಿತು. ಕಾಳವ್ವ ಜೋಗತಿಯ ಮೇಳ ಸೇರಿ, ಆಕೆಯ ನಂತರ ಮೇಳವನ್ನು ತಾವೇ ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದರು. ದಿಲ್ಲಿಯವರಿಗೆ ಅದು ಸೋಜಿಗ. ನಮ್ಮ ಓಣಿಯಲ್ಲಿ ಜೋಗತಿಯರು ನಿತ್ಯ ಮಾಡುವುದೇ ಅದು.

ಬೆಂಗಳೂರಿನ ದಾರಿ ಬೇರೆ. 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಸಂಗಮ ಸಂಸ್ಥೆ ಹುಟ್ಟಿತು. ಪೊಲೀಸ್ ಠಾಣೆಯೊಳಗಿನ ಹಿಂಸೆಯನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿತು. ಸಮುದಾಯದ ಹೋರಾಟಗಾರ್ತಿಯರಲ್ಲಿ ಎ. ರೇವತಿ ಆತ್ಮಕತೆ ಬರೆದರು, ಅಕ್ಕೈ ಪದ್ಮಶಾಲಿ ಬೀದಿಗೂ ವೇದಿಕೆಗೂ ಸಮನಾಗಿ ಒಗ್ಗಿದರು. ಇಷ್ಟಾದರೂ 2011ರಲ್ಲಿ ಸರ್ಕಾರ ಪೊಲೀಸ್ ಕಾಯ್ದೆಗೆ 36-ಎ ಕಲಮು ಸೇರಿಸಿ, ಇಡೀ ಸಮುದಾಯವನ್ನೇ ಶಂಕಿತರ ಪಟ್ಟಿಗೆ ಹಾಕಿತು. ಆ ಕಲಮಿನಿಂದ ಸಮುದಾಯವನ್ನು ಹೆಸರಿಸಿದ ಪದ ತೆಗೆಸಲು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಎರಡು ದಾರಿಗಳೂ ಕೂಡಿದ್ದು 2014ರ ಏಪ್ರಿಲ್ 15ರಂದು. ತೃತೀಯ ಲಿಂಗಿಗಳನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಎಲ್ಲಮ್ಮನ ಜೋಗಪ್ಪಗಳ ಹೆಸರೂ ಇದೆ. 2017ರಲ್ಲಿ ರಾಜ್ಯದ ನೀತಿ ಬಂತು, 2018ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಕುಣಿಕೆ ಸಡಿಲಾಯಿತು. ಸಂಗಮದ ಅರ್ಜಿಯ ಫಲವಾಗಿ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಬಂತು. ಓದಿದ ಹೊಸ ಪೀಳಿಗೆಗೆ ಇದು ದೊಡ್ಡದು. ಶಾಲೆ ಬಿಟ್ಟು ದೇವಿಯ ಬುಟ್ಟಿಯಾದ ಪಡ್ಡಲಗಿ ಹೊತ್ತ ಹಿರಿಯ ಜೋಗತಿಗೆ ಮಾತ್ರ ತಿಂಗಳಿಗೆ 500 ರೂಪಾಯಿಯಿಂದ ಶುರುವಾದ ಮೈತ್ರಿ ಮಾಸಾಶನವೇ ಹೆಚ್ಚು ಕೈಗೆಟುಕುವಂಥದ್ದು.

2019ರ ಕೇಂದ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಹಿಜ್ರಾ, ಅರವಾನಿಗಳ ಸಾಲಿಗೆ ಜೋಗತರೂ ಸೇರಿದರು. ಗುರುತಿನ ಪತ್ರ ಕೊಡುವ ಅಧಿಕಾರ ಜಿಲ್ಲಾಧಿಕಾರಿಯದು. ಅಂದರೆ ಶಿರಹಟ್ಟಿಯವರ ಅರ್ಜಿಗೂ ಗದಗಿನಲ್ಲೇ ಸಹಿ ಬೀಳಬೇಕು. ಆದರೆ ಪತ್ರದಲ್ಲಿ ಹೆಣ್ಣೆಂದು ಬರೆಸಲು ಆ ಕಾಯ್ದೆ ಶಸ್ತ್ರಚಿಕಿತ್ಸೆಯ ದಾಖಲೆ ಕೇಳಿತು. ಜೋಗಪ್ಪಗಳ ಸಂಪ್ರದಾಯದಲ್ಲಿ ದೇಹಕ್ಕೆ ಕತ್ತರಿ ಹಾಕುವ ಪದ್ಧತಿ ಇಲ್ಲ. ಉಡದಾರ ಹರಿದ ದಿನವೇ ಊರು ಅವರನ್ನು ಅವ್ವ ಎಂದು ಕರೆಯತೊಡಗಿರುತ್ತದೆ. ಕಚೇರಿ ವೈದ್ಯರ ಚೀಟಿಗೆ ಕಾಯುತ್ತದೆ.