ಅಜ್ಜಿಯ ಮಾತು, ಕೇಶಿರಾಜನ ವ್ಯಾಕರಣ

ಎಂಟನೆಯ ತರಗತಿಗೆ ಈ ಶಾಲೆಗೆ ಸೇರಿದಾಗ ನಾನು ಗಣಿತಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಕನ್ನಡ ವ್ಯಾಕರಣಕ್ಕೆ. ಲೋಪ, ಆಗಮ, ಆದೇಶ, ತತ್ಪುರುಷ, ಕರ್ಮಧಾರಯ ಎಲ್ಲವನ್ನೂ ಉರು ಹೊಡೆದು, ಪರೀಕ್ಷೆಯಲ್ಲಿ ಅದಲು ಬದಲು ಬರೆದು ಅಂಕ ಕಳೆದುಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಓದಿದವರಿರಲಿಲ್ಲ. ಇವು ನಮ್ಮಂಥವರ ಮಾತಿಗೆ ಸೇರಿದ ಪದಗಳಲ್ಲ ಎಂದೇ ತಿಳಿದಿದ್ದೆ.

ಒಂದು ದಿನ ಕನ್ನಡ ಮೇಷ್ಟ್ರು ನನ್ನನ್ನು ಎಬ್ಬಿಸಿ, "ನಿಮ್ಮಜ್ಜಿ ಮಳೆಕಾಲ ಅಂತಾರೋ, ಮಳೆಗಾಲ ಅಂತಾರೋ?" ಎಂದು ಕೇಳಿದರು.

"ಮಳೆಗಾಲ ಸಾರ್."

"ಹಾಗಾದರೆ ಅಜ್ಜಿಗೆ ಆದೇಶ ಸಂಧಿ ಗೊತ್ತು. ನಿನಗೆ ಅದರ ಹೆಸರು ಮಾತ್ರ ಗೊತ್ತು."

ತರಗತಿಯೆಲ್ಲ ನಕ್ಕಿತು. ಎರಡನೆಯ ಪದದ ಮೊದಲಿನ ಕ, ತ, ಪಗಳ ಜಾಗದಲ್ಲಿ ಗ, ದ, ಬಗಳು ಬರುವುದು ಅಂದು ನನಗೆ ಅರ್ಥವಾಯಿತು. ಬೆಟ್ಟದಾವರೆ, ಕಂಬನಿ ತಾವಾಗಿಯೇ ಬಿಡಿಸಿಕೊಂಡವು.

ಮುಂದೆ ಕನ್ನಡವನ್ನೇ ಓದಿದಾಗ, ಮೇಷ್ಟ್ರು ಹಿಡಿದದ್ದು ಹಳೆಯ ದಾರಿಯೇ ಎಂದು ತಿಳಿಯಿತು. ಪಾರಿಭಾಷಿಕ ಪದಗಳು ಬಹುಪಾಲು ಸಂಸ್ಕೃತದಿಂದ ಬಂದವು, ನಿಜ. ಆದರೆ ಅವು ಹೆಸರಿಸುವ ನಡೆ ಕನ್ನಡದ್ದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ತ್ರಿಪದಿ ಇದೆ. ನಾಗವರ್ಮ 'ಛಂದೋಂಬುಧಿ'ಯಲ್ಲಿ ಅದರ ಲಕ್ಷಣ ಹೇಳಿದ್ದು ಹತ್ತನೆಯ ಶತಮಾನದ ಕೊನೆಯಲ್ಲಿ. ರಾಗಿ ಬೀಸುತ್ತಾ ನಮ್ಮ ಹೆಂಗಸರು ಹಾಡುತ್ತಿದ್ದದ್ದೂ ತ್ರಿಪದಿಯನ್ನೇ. ಹಾಡು ಮೊದಲು, ಲಕ್ಷಣ ಆಮೇಲೆ.

1260ರ ಸುಮಾರಿಗೆ 'ಶಬ್ದಮಣಿದರ್ಪಣ' ಬರೆದ ಕೇಶಿರಾಜನೂ ತನ್ನ ನಿಯಮಗಳಿಗೆ ಹಿಂದಿನ ಕವಿಗಳ ಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡ. ಪಂಪ, ಪೊನ್ನರ ಜೊತೆಗೆ ಅಸಗನನ್ನೂ ಅವನು ನೆನೆಯುತ್ತಾನೆ. ಅಸಗನ ಕನ್ನಡ ಕಾವ್ಯ ಇಂದು ನಮಗೆ ಸಿಕ್ಕಿಲ್ಲ. ಕೇಶಿರಾಜನ ಗ್ರಂಥವನ್ನು 1872ರಲ್ಲಿ ಕಿಟ್ಟೆಲ್ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅದರ ನಿಯಮಗಳೇ ಸರಳಗೊಂಡು ನಮ್ಮ ಪಠ್ಯಪುಸ್ತಕಕ್ಕೂ ಬಂದಿವೆ.

ನಾನೂ ಮೇಷ್ಟ್ರಾದೆ. ವ್ಯಾಕರಣದ ಪಾಠ ಬಂದಾಗಲೆಲ್ಲ ಮೊದಲು ಮಕ್ಕಳ ಮನೆಮಾತು ಕೇಳಿದೆ, ಹೆಸರನ್ನು ಕಪ್ಪುಹಲಗೆಯ ಮೇಲೆ ಆಮೇಲೆ ಬರೆದೆ. ಓದಿದವರಿಲ್ಲದ ಮನೆಯಿಂದ ಬಂದ ಮಗು, ಭಾಷೆ ಬೇರೆಯವರದು ಎಂದು ತಲೆ ತಗ್ಗಿಸಿ ಕೂರಬಾರದು. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಇಂದಿನ ಮಕ್ಕಳಿಗೆ ಹೇಳುವುದಿಷ್ಟೇ: ನಿಯಮ ಮರೆತರೆ ಅಜ್ಜಿಯನ್ನು ಮಾತಾಡಿಸಿ. ಅವರ ಬಾಯಲ್ಲಿ ಅದು ತಪ್ಪಿಲ್ಲ.