ಹೆಬ್ಬಾಳದ ಕಲ್ಲಿನಿಂದ ಜ್ಞಾಪಕ ಚಿತ್ರಶಾಲೆಗೆ

ಮತ್ತಿಕೆರೆಗೆ ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಾಳಗದಲ್ಲಿ ಮಡಿದ ಕಿತ್ತಯ್ಯನ ಹೆಸರೂ ಆಕೃತಿಯೂ ಅದರಲ್ಲಿವೆ. ಬರೆಹವೂ ಭಾವಚಿತ್ರವೂ ಒಂದೇ ಕಲ್ಲಿನಲ್ಲಿ ಕೂಡಿವೆ. ಆದರೆ ಅಲ್ಲಿ ಮಾತನಾಡುವವರು ಉಳಿದವರು. ಕಿತ್ತಯ್ಯನ ಸ್ವಂತ ಮಾತು ಒಂದೂ ಇಲ್ಲ.

ಶ್ರವಣಬೆಳಗೊಳದ ನಿಸಿದಿಗಳದೂ ಇದೇ ಕ್ರಮ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯು ಸಲ್ಲೇಖನದಿಂದ ಮುಡಿಪಿದ ಮುನಿಯೊಬ್ಬರ ಸ್ಮಾರಕ. ಅಲ್ಲಿ ಸಮಂತಭದ್ರ, ಅಕಲಂಕರೇ ಮೊದಲಾದ ಆಚಾರ್ಯರ ಪರಂಪರೆಯೇ ವಿಸ್ತಾರವಾಗಿ ಹರಿದಿದೆ. ವ್ಯಕ್ತಿ ತನ್ನವರ ಸಾಲಿನಲ್ಲಿ ನಿಂತೇ ಗುರುತಿಗೆ ಸಿಗುತ್ತಾನೆ.

ತನ್ನ ಕಥೆಯನ್ನು ತಾನೇ ಹೇಳಿದವನು ಆಗ್ರಾದ ಜೈನ ವರ್ತಕ ಬನಾರಸೀದಾಸ. ಅವನ ‘ಅರ್ಧಕಥಾನಕ’ 1641ರ ಕೃತಿ. ಮನುಷ್ಯನ ಆಯುಷ್ಯ 110 ವರ್ಷವೆಂದು ಎಣಿಸಿ, 55ರ ತನ್ನ ಬಾಳನ್ನು ಅರ್ಧಕಥೆಯೆಂದು ಕರೆದ. ವ್ಯಾಪಾರದ ನಷ್ಟ, ಒಂಬತ್ತು ಮಕ್ಕಳ ಸಾವು, ಸ್ವಂತ ದೋಷಗಳು, ಯಾವುದನ್ನೂ ಮುಚ್ಚಿಡಲಿಲ್ಲ. ಉಳಿದರ್ಧವನ್ನು ಬರೆಯಲು ಕಾಲ ಅವನಿಗೆ ಅವಕಾಶ ಕೊಡಲಿಲ್ಲ.

ಬೆಂಗಳೂರಿನಲ್ಲಿ ಬಾಳಿದ ಡಿ.ವಿ. ಗುಂಡಪ್ಪನವರು (1887–1975) ಇಳಿವಯಸ್ಸಿನಲ್ಲಿ ಹಿಡಿದದ್ದು ಬೇರೆ ದಾರಿ. ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ ಹೆಸರಿಗೆ ತಕ್ಕಂತೆ ಭಾವಚಿತ್ರಗಳ ಸಾಲು: ವಿಶ್ವೇಶ್ವರಯ್ಯನವರಂಥ ದಿವಾನರು, ಕಲೋಪಾಸಕರು, ವೈದಿಕ ವಿದ್ವಾಂಸರು, ಹೆಸರು ಮಾಡದ ಸಜ್ಜನರು. ಗುಂಡಪ್ಪನವರು ಪ್ರತಿ ಚಿತ್ರದ ಅಂಚಿನಲ್ಲಿ ನಿಂತಿರುತ್ತಾರೆ, ನಡುವೆ ಬರುವುದಿಲ್ಲ. ಆದರೂ ಅವರ ಅಭಿರುಚಿ, ಹಾಸ್ಯ, ಕೃತಜ್ಞತೆ, ಒಂದು ಕಾಲದ ಬೆಂಗಳೂರಿನ ನಡೆನುಡಿ ಎಲ್ಲವೂ ಅಲ್ಲಿವೆ. ಕನ್ನಡದಲ್ಲಿ ನೇರ ಆತ್ಮಕಥೆಗಳಿಗೆ ಕೊರತೆಯಿಲ್ಲ. ಮಾಸ್ತಿಯವರ ‘ಭಾವ’, ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಇವೆ. ಆದರೆ “ನನ್ನ ಬದುಕಿನಲ್ಲಿ ಬರೆಯುವಂಥದ್ದೇನಿದೆ?” ಎಂದು ಹಿಂಜರಿಯುವ ಹಿರಿಯರಿಗೆ ಹೆಚ್ಚು ಒದಗುವುದು ಚಿತ್ರಶಾಲೆಯ ಮಾದರಿಯೇ.

ಮತ್ತಿಕೆರೆಯ ಆಸುಪಾಸಿನಲ್ಲಿ ಇಂಥ ಹಿರಿಯರು ಬಹಳ. ಜಾಲಹಳ್ಳಿಯ ಎಚ್‌.ಎಂ.ಟಿ., ಬಿ.ಇ.ಎಲ್‌. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ತಲೆಮಾರು ಅದು. ಎಚ್‌.ಎಂ.ಟಿ. ಕೈಗಡಿಯಾರ ಇಂದು ಸಂಗ್ರಾಹಕರ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅದನ್ನು ಜೋಡಿಸಿದ ಕೈಗಳ ಕಥೆಗೆ ಅಂಥ ಪೆಟ್ಟಿಗೆಯಿಲ್ಲ. ಪಾಳಿಯಲ್ಲಿ ಪಕ್ಕದಲ್ಲಿ ಕೂತಿದ್ದವರು, ಕೆಲಸ ಕಲಿಸಿದ ಮೇಸ್ತ್ರಿ, ಮನೆ ಕಟ್ಟುವಾಗ ಕೈಸಾಲ ಕೊಟ್ಟ ನೆರೆಯವರು: ಒಬ್ಬೊಬ್ಬರಿಗೆ ಎರಡು ಪುಟ ಸಾಕು. ಜೊತೆಗೆ ಗೋಡೆಯ ಮೇಲಿನ ಹಳೆಯ ಗುಂಪುಚಿತ್ರವನ್ನು ಇಳಿಸಿ, ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಹೆಸರುಗಳನ್ನೂ ಇಸವಿಯನ್ನೂ ಬರೆಯಬೇಕು. ಅದನ್ನು ಬರೆಯಬಲ್ಲವರು ಆ ಚಿತ್ರದಲ್ಲಿರುವವರು ಮಾತ್ರ.