ಅರ್ಧ ಸೈಜು ಚಿಕ್ಕ ಬೂಟು

ಹೋದ ವರ್ಷ ಬೆಂಗಳೂರಿನ ಬಲು ದುಬಾರಿ ಹೋಟೆಲೊಂದರ ಸ್ವೀಟ್‌ನಲ್ಲಿ ಒಂದು ರಾತ್ರಿ ಮಲಗಿದ್ದೆ. ಮಲಗಿದ್ದೆ ಅನ್ನೋದಕ್ಕಿಂತ ಎದ್ದಿದ್ದೆ ಅನ್ನೋದೇ ಸರಿ. ಹೊರದೇಶದಿಂದ ಬರಬೇಕಿದ್ದ ಕ್ಲೈಂಟ್ ಕೊನೇ ಗಳಿಗೆಯಲ್ಲಿ ಬರಲಿಲ್ಲ. ರೂಮಿನ ದುಡ್ಡು ವಾಪಸ್ ಬರೋ ಹಾಗಿರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ರಿಲೀಸ್ ಮುಗಿಸಿದ್ದ ನನ್ನ ಮುಖ ನೋಡಿ ಮ್ಯಾನೇಜರ್, "ನೀನೇ ಹೋಗಿ ಮಲ್ಕೋ ಹೋಗಪ್ಪ" ಅಂದ. ಒಂದು ರಾತ್ರಿಯ ಬಾಡಿಗೆ ಎಷ್ಟು ಅಂತ ಫೋನಲ್ಲಿ ಹುಡುಕಿ ನೋಡಿದೆ. ಅದೇ ತಪ್ಪಾಗಿದ್ದು. ನಿದ್ದೆ ಅಲ್ಲಿಗೇ ಹೋಯ್ತು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಎಲ್ಲಿದೀಯ ಮಗಾ?"

"ಸ್ವೀಟ್‌ನಲ್ಲಿ ಅಮ್ಮ." (ಸೂಟ್ ಅನ್ನಬಾರದು, ಸ್ವೀಟ್ ಅನ್ನಬೇಕು ಅಂತ ಅವತ್ತು ಬೆಳಗ್ಗೆಯಷ್ಟೇ ಪಕ್ಕದ ಸೀಟಿನವನು ತಿದ್ದಿದ್ದ.)

"ಸ್ವೀಟಾ? ಯಾರ ಮದುವೆ?"

ಫೋನ್ ತಿರುಗಿಸಿ ಎಲ್ಲ ತೋರಿಸಿದೆ. ಒಂದು ಹಾಲು, ಊಟದ ಕೋಣೆ, ಮಲಗೋ ಕೋಣೆ, ಬಟ್ಟೆ ಬದಲಾಯಿಸೋಕೇ ಅಂತ ಇನ್ನೊಂದು ಕೋಣೆ, ನಮ್ಮೂರ ಮನೆಯ ಹಜಾರದಷ್ಟು ದೊಡ್ಡ ಬಚ್ಚಲು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೊಂದು ರೂಮಲ್ಲಿ ನಿನ್ ಜೊತೆ ಇನ್ಯಾರ್ ಇದಾರೆ?" ಅಂದಳು.

ಸರಿಯಾದ ಪ್ರಶ್ನೆಯೇ. ಆ ಫ್ರೆಂಚ್ ಪದದ ಮೂಲ ಅರ್ಥ ಹಿಂಬಾಲಿಸುವುದು. ರಾಜನೋ ರಾಯಭಾರಿಯೋ ಹೊರಟರೆ ಅವನ ಹಿಂದೆ ಬರುವ ಕಾರ್ಯದರ್ಶಿ, ಅಡುಗೆಯವನು, ಬಟ್ಟೆ ತೊಡಿಸುವವನು, ಇವರೆಲ್ಲ ಸೇರಿ ಅವನ ಸ್ವೀಟ್. ನಾವು ಪರಿವಾರ ಅಂತೀವಲ್ಲ, ಅದು. ಒಂದರ ಹಿಂದೊಂದು ಬರುವ ಕೋಣೆಗಳಿಗೂ ಅದೇ ಹೆಸರು ಬಂತು. ಈಗ ಪರಿವಾರ ಹೋಗಿ ಕೋಣೆಗಳು ಉಳಿದಿವೆ. ಪರಿವಾರದ ಜಾಗದಲ್ಲಿ ಮಂಚದ ಪಕ್ಕ ಒಂದು ಫೋನು. ಆ ಫೋನ್ ಮುಟ್ಟೋ ಧೈರ್ಯ ನನಗೆ ರಾತ್ರಿಯಿಡೀ ಬರಲಿಲ್ಲ.

ಬಾಗಿಲಲ್ಲೇ ಶೂ ಬಿಚ್ಚಿಟ್ಟಿದ್ದೆ, ಅಭ್ಯಾಸ. ಮಂಚದ ಪಕ್ಕ ಬಿಳೀ ಬಟ್ಟೆಯ ಚಪ್ಪಲಿ ಇಟ್ಟಿದ್ದರು. ಹಾಕ್ಕೊಂಡರೆ ಅರ್ಧ ಹಿಮ್ಮಡಿ ಆಚೆ. ನಮ್ಮದು ಅಪ್ಪನ ಪಾದ. ಅಗಲ, ಬೆರಳೆಲ್ಲ ಬಿಡಿಬಿಡಿ, ಹನ್ನೆರಡು ವರ್ಷ ಏಸಿಯಲ್ಲಿ ಕೂತು ಕೆಲಸ ಮಾಡಿದರೂ ಹಿಮ್ಮಡಿಯ ಬಿರುಕು ಹೋಗಿಲ್ಲ. ಬಿಳೀ ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲಿ ನಡೆದರೆ ಗುರುತು ಬೀಳುತ್ತೇನೋ ಅಂತ ಹಿಂದೆ ತಿರುಗಿ ನೋಡಿಕೊಂಡೆ. ಬಿದ್ದಿರಲಿಲ್ಲ. ಆದರೂ ನೋಡಿದೆ.

ನಿದ್ದೆ ಬಾರದವನು ಮಾಡೋದನ್ನೇ ಮಾಡಿದೆ, ಓದುತ್ತಾ ಕೂತೆ. ಇಂಥ ಕೋಣೆಯನ್ನ ಮೊದಲು ಹೀಗೆ ಇರಬೇಕು ಅಂತ ಯೋಚಿಸಿದವನು ಯಾರು? ಹುಡುಕುತ್ತಾ ಹೋದರೆ ಸಿಕ್ಕವನು ಸೆಜಾರ್ ರಿಟ್ಜ್. ಇಂಗ್ಲಿಷಿನಲ್ಲಿ ಶೋಕಿಗೇ 'ರಿಟ್ಜಿ' ಅಂತ ಹೆಸರು ಕೊಟ್ಟ ರಿಟ್ಜ್. ನಾನು ಯಾರೋ ಜಮೀನ್ದಾರನ ಮಗ ಅಂದುಕೊಂಡಿದ್ದೆ. ಅಲ್ಲ. 1850ರಲ್ಲಿ ಸ್ವಿಟ್ಜರ್ಲೆಂಡಿನ ನೀಡರ್‌ವಾಲ್ಡ್ ಅನ್ನೋ ಪುಟ್ಟ ಬೆಟ್ಟದ ಹಳ್ಳಿಯಲ್ಲಿ, ರೈತನ ಮನೆಯಲ್ಲಿ, ಹದಿಮೂರನೇ ಮಗುವಾಗಿ ಹುಟ್ಟಿದವನು. ಬೇಸಿಗೆಯಲ್ಲಿ ಆಡು ಮೇಯಿಸಿಕೊಂಡಿದ್ದ. ಅವನನ್ನ ಏಕವಚನದಲ್ಲೇ ಕರೀತಿದೀನಿ, ಬೇಜಾರಾಗಬೇಡಿ. ಆಡು ಮೇಯಿಸೋರಿಗೆ ನಮ್ಮೂರ ಕಡೆ ಬಹುವಚನ ಇಲ್ಲ.

ಹದಿಹರೆಯದಲ್ಲಿ ಬ್ರಿಗ್ ಅನ್ನೋ ಪಟ್ಟಣದ ಹೋಟೆಲಿನಲ್ಲಿ ವೈನ್ ಬಡಿಸೋ ಕೆಲಸ ಕಲಿಯೋಕೆ ಸೇರಿದ. ಹೋಟೆಲ್ ಕೆಲಸಕ್ಕೆ ಒಂದು ವಿಶೇಷ ಗುಣ ಬೇಕು, ಅದು ನಿನಗಿಲ್ಲ ಅಂತ ಹೇಳಿ ಮಾಲೀಕ ಕಳಿಸಿಬಿಟ್ಟ. ಕ್ಯಾಂಪಸ್ ಇಂಟರ್‌ವ್ಯೂ ರಿಜೆಕ್ಟ್ ಆದವರೆಲ್ಲ ಈ ಮಾಲೀಕನ ಫೋಟೋ ಇಟ್ಟುಕೊಳ್ಳಬಹುದು. 1867ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪ್ರದರ್ಶನ ನಡೀತಿತ್ತು, ಕೆಲಸ ಸಿಗುತ್ತೆ ಅಂತ ಅಲ್ಲಿಗೆ ಹೋದ. ಬೂಟ್ ಪಾಲಿಶ್, ಸಾಮಾನು ಹೊರೋದು, ತಟ್ಟೆ ಎತ್ತೋದು ಅಂತ ಶುರುವಾಗಿ ಮೇಲೆ ಬಂದ. ದೊಡ್ಡವರು ಹೇಗೆ ಕೂರುತ್ತಾರೆ, ಯಾರಿಗೆ ಏನು ಇಷ್ಟ, ಯಾವಾಗ ಮಾತಾಡಬಾರದು, ಎಲ್ಲವನ್ನೂ ಪಕ್ಕದಲ್ಲಿ ನಿಂತೇ ಕಲಿತ.

ಅವನ ಕತೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ರೀಗಿ ಬೆಟ್ಟದ ತುದಿಯ ಹೋಟೆಲಿನದ್ದು. ಚಳಿಯ ದಿನ, ಕೋಣೆ ಬೆಚ್ಚಗಿಡೋ ಯಂತ್ರ ಕೆಟ್ಟಿದೆ, ಅಮೆರಿಕದ ಪ್ರವಾಸಿಗಳ ದೊಡ್ಡ ಗುಂಪೊಂದು ಊಟಕ್ಕೆ ಹತ್ತಿ ಬರ್ತಾ ಇದೆ. ಬೇರೆ ಯಾರಾದರೂ ಕ್ಷಮೆ ಕೇಳ್ತಿದ್ದರು. ಇವನು ಕೆಂಪು ಬಣ್ಣದ ಕೋಣೆಗೆ ಊಟದ ಮೇಜು ಸಾಗಿಸಿದ, ತಾಮ್ರದ ದೊಡ್ಡ ಪಾತ್ರೆಗಳಲ್ಲಿ ಸ್ಪಿರಿಟ್ ಸುರಿದು ಬೆಂಕಿ ಹಚ್ಚಿಸಿದ, ಇಟ್ಟಿಗೆ ಕಾಯಿಸಿ ಫ್ಲಾನೆಲ್ ಬಟ್ಟೆ ಸುತ್ತಿ ಒಬ್ಬೊಬ್ಬರ ಕಾಲಡಿಗೂ ಒಂದೊಂದು ಇಡಿಸಿದ. ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಶಾಖ ಕೊಡೋದನ್ನ ಯಾವ ಹೋಟೆಲಿನಲ್ಲೂ ಕಲಿಸಲ್ಲ ಸ್ವಾಮಿ. ಅದು ಅಜ್ಜಿಯ ಮನೆಯ ವಿದ್ಯೆ. ನಮ್ಮಜ್ಜಿ ಸೊಂಟ ನೋವಿಗೆ ಮಾಡಿಕೊಳ್ತಿದ್ದದ್ದೂ ಅದನ್ನೇ.

1889ರಲ್ಲಿ ಲಂಡನ್ನಿನಲ್ಲಿ ಸವಾಯ್ ಹೋಟೆಲ್ ಶುರುವಾಯ್ತು. ಆಗಿನ ಕಾಲಕ್ಕೆ ಅದರ ಸೋಜಿಗ ಅಂದರೆ ವಿದ್ಯುತ್ ದೀಪ, ಲಿಫ್ಟು ಮತ್ತು ಬಚ್ಚಲು. ಇಷ್ಟೊಂದು ಸ್ನಾನದ ಮನೆ ಬೇಕು ಅಂದಾಗ ಕಂಟ್ರಾಕ್ಟರು, ನಿಮ್ಮ ಗಿರಾಕಿಗಳೇನು ನೀರಲ್ಲೂ ನೆಲದಲ್ಲೂ ಬದುಕೋ ಜೀವಿಗಳಾ ಅಂತ ಕೇಳಿದನಂತೆ. ಅದೇ ಊರಲ್ಲಿ ನೂರಾರು ಜನ ಉಳಿದುಕೊಳ್ಳೋ ಹೋಟೆಲುಗಳಲ್ಲಿ ಕೈಬೆರಳಲ್ಲಿ ಎಣಿಸೋ ಅಷ್ಟು ಸ್ನಾನದ ಮನೆ. ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್ಲೇ ವಾಸಿ. ಈ ಸವಾಯ್‌ಗೆ ರಿಟ್ಜ್ ಮ್ಯಾನೇಜರ್ ಆಗಿ ಬಂದ, ಅಡುಗೆಮನೆಗೆ ಒಗುಸ್ತ್ ಎಸ್ಕೋಫಿಯೆ ಬಂದ. ಹೋಟೆಲು ಮೇಲೆದ್ದಿತು.

ಅದಾದ ಮೇಲೆ ಅವನದ್ದೇ ಹೆಸರಿನ ಹೋಟೆಲು. 1898ರ ಜೂನ್ 1, ಪ್ಯಾರಿಸ್ಸಿನ ಪ್ಲಾಸ್ ವಾಂದೋಮ್. ಕೋಣೆ ಕೋಣೆಗೂ ಅದರದೇ ಸ್ನಾನದ ಮನೆ, ಕೋಣೆಯಲ್ಲೇ ಟೆಲಿಫೋನ್, ಎಲ್ಲೆಡೆ ವಿದ್ಯುತ್ತು. ಕೇಳೋಕೆ ಐಷಾರಾಮ ಅನ್ನಿಸುತ್ತೆ. ಅದರ ಒಳಗಿದ್ದಿದ್ದು ಭಯ. ಕ್ಷಯ ರೋಗಕ್ಕೆ ಆಗ ಔಷಧಿ ಇರಲಿಲ್ಲ, ರೋಗಾಣುವನ್ನ ಕಾಕ್ 1882ರಲ್ಲಷ್ಟೇ ಗುರುತಿಸಿದ್ದ. ದೂಳು ಹಿಡಿಯೋ ದಪ್ಪ ಪರದೆ ಬೇಡ, ವಾಲ್‌ಪೇಪರ್ ಬೇಡ, ತೊಳೆಯೋಕೆ ಬರೋ ಹಾಗೆ ಬಣ್ಣ ಬಳಿದ ಗೋಡೆ ಸಾಕು, ಬೀರು ಗೋಡೆಯೊಳಗೇ ಇರಲಿ, ಅದರ ಹಿಂದೆ ಕಸ ಕೂರಬಾರದು. ಈಗ ನಾವು ದುಡ್ಡು ಕೊಟ್ಟು ಮೆಚ್ಚೋ ಆ ಬೋಳು, ಬೆಳ್ಳಗಿನ ಚೊಕ್ಕಟತನದಲ್ಲಿ ಅರ್ಧದಷ್ಟು ಆಸ್ಪತ್ರೆಯ ಯೋಚನೆಯೇ ಇದೆ.

ದೀಪದ್ದು ಇನ್ನೊಂದು ಕತೆ. ಹೊಸ ವಿದ್ಯುತ್ ಬೆಳಕಲ್ಲಿ ಮುಖ ಹೆಣದ ಹಾಗೆ ಕಾಣುತ್ತೆ ಅಂತ ಹೆಂಡತಿ ಮರೀ ಲೂಯಿಸಳನ್ನ ಕೂರಿಸಿಕೊಂಡು ಬೇರೆ ಬೇರೆ ಬಣ್ಣದ ದೀಪ ಹಚ್ಚಿ ಹಚ್ಚಿ ನೋಡಿದ. ಕೊನೆಗೆ ಏಪ್ರಿಕಾಟ್ ಹಣ್ಣಿನ ಬಣ್ಣದ ದೀಪದ ಕವಚ ಗೆದ್ದಿತು. ಹೋಟೆಲ್ ತೆರೆಯೋ ದಿನವೇ ಊಟದ ಮೇಜುಗಳು ಎರಡು ಸೆಂಟಿಮೀಟರ್ ಎತ್ತರ ಆಗಿವೆ ಅಂತ ಕಂಡುಹಿಡಿದು ಎಲ್ಲ ಮೇಜಿನ ಕಾಲು ಕತ್ತರಿಸಿಸಿದ. ಪ್ರೊಡಕ್ಷನ್‌ಗೆ ಹೋಗೋ ದಿನ ಇಂಥದ್ದನ್ನ ಎತ್ತೋರು ನಮ್ಮ ಟೀಮಲ್ಲೂ ಒಬ್ಬರಿದ್ದಾರೆ. ಊಟಕ್ಕೆ ಯಾರೂ ಕರೆಯಲ್ಲ.

ಬರೀ ಹೊಗಳಿದರೆ ಸುಳ್ಳಾಗುತ್ತೆ. ಆ ಹೋಟೆಲ್ ತೆರೆಯೋಕೆ ಮೂರು ತಿಂಗಳ ಹಿಂದಷ್ಟೇ, 1898ರ ಮಾರ್ಚಿನಲ್ಲಿ, ರಿಟ್ಜ್ ಮತ್ತು ಎಸ್ಕೋಫಿಯೆಯನ್ನ ಸವಾಯ್ ಹೊರಗೆ ಹಾಕಿತ್ತು. ವೈನು, ಮದ್ಯದ ದಾಸ್ತಾನಿನ ಲೆಕ್ಕ ಸಿಕ್ಕಿರಲಿಲ್ಲ, ಸರಕು ಕೊಡೋರಿಂದ ಕಮಿಷನ್ ಹೋಗಿತ್ತು. 1900ರಲ್ಲಿ ಇಬ್ಬರೂ ಗುಟ್ಟಾಗಿ ತಪ್ಪೊಪ್ಪಿಗೆ ಬರೆದುಕೊಟ್ಟರು. ಆ ಕಾಗದ ಜನಕ್ಕೆ ಗೊತ್ತಾಗಿದ್ದು 1980ರ ದಶಕದಲ್ಲಿ. ಬಡತನದಿಂದ ಬಂದವನು ಅಂತ ಇದಕ್ಕೆ ಮಾಫಿ ಕೊಡೋಕೆ ನಾನು ತಯಾರಿಲ್ಲ. ಬಡತನದಿಂದ ಬಂದು ಕದಿಯದೇ ಇರೋರನ್ನ ನೋಡಿದೀನಿ, ಮನೆಯಲ್ಲೇ.

ಬೆಳಗಿನ ಜಾವ ಮೂರು ಗಂಟೆಗೆ ಸಿಕ್ಕಿದ್ದು ಅವನ ಕಾಲಿನ ವಿಷಯ. ರಿಟ್ಜ್‌ನದು ರೈತರ ಪಾದ, ದೊಡ್ಡದು. ಅದರ ಬಗ್ಗೆ ಅವನಿಗೆ ನಾಚಿಕೆ. ಪಾದ ಚಿಕ್ಕದಾಗಿ ಕಾಣಲಿ ಅಂತ ಅರ್ಧ ಸೈಜು ಚಿಕ್ಕ ಬೂಟು ಹಾಕ್ಕೊಳ್ತಿದ್ದ. ಅದೇ ಬೂಟಲ್ಲಿ ದಿನವೆಲ್ಲ ಓಡಾಟ, ಅದೇ ಬೂಟಲ್ಲಿ ರಾಜರಿಗೆ ಬಾಗೋದು. ಇನ್ನೊಬ್ಬರ ಕಾಲಡಿಗೆ ಬಿಸಿ ಇಟ್ಟಿಗೆ ಇಟ್ಟವನು!

ಫೋನ್ ಕೆಳಗಿಟ್ಟು ನನ್ನ ಕಾಲು ನೋಡಿಕೊಂಡೆ. ಮೊದಲನೇ ಕೆಲಸಕ್ಕೆ ಸೇರಿದಾಗ ಕಂಪನಿಯ ಈಜುಕೊಳದ ಪಾರ್ಟಿಗೆ ಎಲ್ಲರೂ ಬರಿಗಾಲಲ್ಲಿ ಇಳಿದಾಗ ನಾನೊಬ್ಬನೇ ನೆಗಡಿ ಅಂತ ಸಾಕ್ಸ್ ಹಾಕ್ಕೊಂಡು ಕೂತಿದ್ದೆ. ಇದನ್ನ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ರಿಟ್ಜ್‌ನ ಕೊನೆ ಚೆನ್ನಾಗಿಲ್ಲ. 1902ರಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕ. ಯುವರಾಜನಾಗಿದ್ದ ಕಾಲದಿಂದಲೂ ಅವನು ರಿಟ್ಜ್‌ನ ಗಿರಾಕಿ. ಲಂಡನ್ನಿನ ಕಾರ್ಲ್‌ಟನ್ ಹೋಟೆಲನ್ನ ರಿಟ್ಜ್ ಆ ದಿನಕ್ಕೆ ತಿಂಗಳುಗಟ್ಟಲೆ ಸಜ್ಜು ಮಾಡಿದ್ದ. ಜೂನ್ 26ಕ್ಕೆ ಪಟ್ಟ, 24ಕ್ಕೆ ರಾಜನಿಗೆ ಹೊಟ್ಟೆಯ ಆಪರೇಷನ್, ಎಲ್ಲ ಮುಂದಕ್ಕೆ. ಬಂದವರಿಗೆಲ್ಲ ಸುದ್ದಿ ಹೇಳಿ, ಏರ್ಪಾಡೆಲ್ಲ ರದ್ದು ಮಾಡಿ, ರಿಟ್ಜ್ ಕುಸಿದುಬಿದ್ದ. ಮನಸ್ಸು ಮತ್ತೆ ಸರಿಹೋಗಲಿಲ್ಲ. ನಾವು ಬರ್ನೌಟ್ ಅಂತೀವಲ್ಲ, ಆ ಪದ ಅವನ ಕಾಲಕ್ಕಿರಲಿಲ್ಲ. ಆಗಸ್ಟಿನಲ್ಲಿ ರಾಜನಿಗೆ ಪಟ್ಟವಾಯ್ತು. ರಿಟ್ಜ್ 1918ರ ಅಕ್ಟೋಬರಿನವರೆಗೆ ಬದುಕಿದ್ದ, ಬದುಕಿದ್ದ ಅಷ್ಟೇ. ತೀರಿಕೊಂಡಿದ್ದು ಸ್ವಿಟ್ಜರ್ಲೆಂಡಿನ ಒಂದು ಚಿಕಿತ್ಸಾಲಯದಲ್ಲಿ. ಈಗ ಅವನ ಸಮಾಧಿ ಇರೋದು ಆಡು ಮೇಯಿಸಿದ ನೀಡರ್‌ವಾಲ್ಡ್‌ನಲ್ಲೇ, ಪಕ್ಕದಲ್ಲಿ ಮರೀ ಲೂಯಿಸ್.

ಬೆಳಗ್ಗೆ ಎದ್ದು ಹಾಸಿಗೆ ಸರಿಮಾಡಿ ಹೊದಿಕೆ ಮಡಚಿಟ್ಟೆ. ಕೋಣೆ ಶುಚಿ ಮಾಡೋ ಹುಡುಗ ಬಂದ, ಮಾತು ಕೇಳಿದರೆ ಹಾಸನದ ಕಡೆಯವನು. "ಅಯ್ಯೋ ಬಿಡಿ ಸಾರ್, ಹೆಂಗೂ ಎಲ್ಲಾ ಒಗೆಯಕ್ಕೆ ಹೋಯ್ತದೆ" ಅಂದ. ನಿಮ್ದು ಯಾವೂರು ಅಂತ ಕೇಳಿದೆ, ಹೇಳಿದ. ನಾನೂ ತುರುವೇಕೆರೆ ಹತ್ತಿರ ಅಂದೆ. ಒಂದು ಸಲ ಬಾಗಿಲ ಕಡೆ ನೋಡಿ ನಕ್ಕ. ಆಮೇಲೆ ಮಂಚದ ಪಕ್ಕದ ಬಿಳೀ ಚಪ್ಪಲಿ ಎತ್ತಿಕೊಂಡ.

"ಹಾಕ್ಕೊಂಡೇ ಇಲ್ವಲ್ಲ ಸಾರ್?"

"ಚಿಕ್ಕದಾಯ್ತು."

"ಒಂದು ಫೋನ್ ಮಾಡಿದ್ರೆ ದೊಡ್ಡದು ತಂದ್ಕೊಡ್ತಿದ್ದೆ ಸಾರ್."